ಆಕಾಶಕ್ಕೆ ಹಾಕಿದ ಏಣಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಕನ್ನಡದಲ್ಲಿ ‘ಆಕಾಶಕ್ಕೆ ಏಣಿ ಹಾಕುವುದು’ ಎಂದೊಂದು ನುಡಿಗಟ್ಟುಂಟು. ಆಗದ ಕೆಲಸಕ್ಕೆ ಕೈಹಾಕಿದವನನ್ನು ಕಂಡು ನಗುವಾಗ ನಮ್ಮ ಹಿರಿಯರು ಅದನ್ನು ಬಳಸುತ್ತಿದ್ದರು. ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನಿಂತು ಕನ್ನಡ ಪಾಠ ಹೇಳಿದ ನಾನು ಈ ಮಾತಿಗೆ ಎಷ್ಟು ಸಲ ಅರ್ಥ ಹೇಳಿದ್ದೇನೆಯೋ ಲೆಕ್ಕವಿಲ್ಲ. ‘ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿ ಎರಡು ಅಂಕಗಳನ್ನೂ ಇಟ್ಟಿದ್ದೇನೆ. ಆದರೆ ಆಕಾಶಕ್ಕೆ ನಿಜವಾಗಿಯೂ ಏಣಿ ಹಾಕಲು ಹೊರಟ ಜನ ಇದ್ದರೆಂಬುದೂ, ಅವರ ಆ ಪ್ರಯತ್ನ ನಗುವಂಥದಲ್ಲ, ಕೈಮುಗಿಯುವಂಥದೆಂಬುದೂ ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಏಪ್ರಿಲ್ 14ರಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುತ್ತಾರೆ. 1944ರ ಆ ದಿನ ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿಯಿತು. ಬೆಂಕಿಯಾರಿಸಲು ಹೋಗಿದ್ದ ಅಗ್ನಿಶಾಮಕ ದಳದ 66 ಮಂದಿ ಹಿಂತಿರುಗಲಿಲ್ಲ. ಅವರ ನೆನಪಿಗಾಗಿ ಈ ಸಪ್ತಾಹ. ಈ ಸಂದರ್ಭಕ್ಕೆ ಒಂದು ಭಾಷಣ ಮಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ‘ಹಳಗನ್ನಡದ ಮೇಷ್ಟರಿಗೂ ಬೆಂಕಿಯಾರಿಸುವ ದಳಕ್ಕೂ ಏನು ನಂಟು?’ ಎಂದೆ. ‘ನೀವೇ ಅಂದು ಏಣಿಯ ಕಥೆ ಹೇಳಿದಿರಲ್ಲ, ಅದನ್ನೇ ಹೇಳಿ’ ಎಂದರು. ಹೀಗಾಗಿ ಆಕಾಶವಾಣಿಯ ಮೂಲಕವೇ ಆಕಾಶಕ್ಕೆ ಏಣಿ ಹಾಕುವ ಸುಯೋಗ ನನ್ನದಾಗಿದೆ.

ಕಥೆ ಆರಂಭವಾಗುವುದು ದೂರದ ಕ್ಯಾಲಿಫೋರ್ನಿಯಾದಲ್ಲಿ. ನನ್ನ ಮಗಳು ಅಳಿಯ ಅಲ್ಲಿನ ಒಂದು ಚಿಕ್ಕ ಊರಿನಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗಿದ್ದಾಗ ಜುಲೈ 4 ಬಂದಿತು. ಅದು ಆ ದೇಶದ ಸ್ವಾತಂತ್ರ್ಯದ ದಿನ. ಊರಿನ ಮುಖ್ಯ ಬೀದಿಯಲ್ಲಿ ಮೆರವಣಿಗೆ. ನಮ್ಮ ಕಡೆ ತೇರು ಹರಿಯುವಾಗ ಜನ ಹೇಗೆ ಬೀದಿಯ ಎರಡೂ ಬದಿಗೆ ನೆರೆಯುತ್ತಾರೆಯೋ ಹಾಗೆಯೇ ಅಲ್ಲಿಯೂ ಮಡಿಚುವ ಕುರ್ಚಿಗಳನ್ನು ಹಾಕಿಕೊಂಡು ಕುಳಿತಿದ್ದರು. ಶಾಲೆಯ ಮಕ್ಕಳ ವಾದ್ಯವೃಂದ, ಹಳೆಯ ಸೈನಿಕರು, ಕುದುರೆ ಸವಾರರು ಎಲ್ಲ ಹೋದ ಮೇಲೆ ಕೊನೆಗೆ ತೇರಿನಂತೆಯೇ ನಿಧಾನವಾಗಿ ಒಂದು ವಾಹನ ಬಂದಿತು. ಕುಂಕುಮದ ಕೆಂಪು ಬಣ್ಣ, ಅದರ ಮೇಲೆ ಚಿನ್ನದ ರೇಕಿನ ಅಕ್ಷರಗಳು, ಥಳಥಳ ಹೊಳೆಯುವ ಹಿತ್ತಾಳೆಯ ಗಂಟೆ. ವಾಹನದ ಉದ್ದಕ್ಕೂ ಮೆರುಗೆಣ್ಣೆ ಹಚ್ಚಿದ ಮರದ ಏಣಿ. ಆ ಊರಿನ ಅಗ್ನಿಶಾಮಕ ದಳ ಒಂದು ಕಾಲಕ್ಕೆ ಬಳಸುತ್ತಿದ್ದ ಏಣಿಬಂಡಿ ಅದು.

ನನ್ನನ್ನು ಬೆರಗುಗೊಳಿಸಿದ್ದು ಅದರ ಬಾಲ. ಬಂಡಿಯ ತುದಿಯಲ್ಲಿ, ನೆಲದಿಂದ ಆಳೆತ್ತರದ ಮೇಲೆ, ಇನ್ನೊಂದು ಆಸನ. ಅದರ ಮುಂದೆ ಇನ್ನೊಂದು ಚಕ್ರದ ಚುಕ್ಕಾಣಿ. ಅಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಮುದುಕರು ಕುಳಿತು, ಮುಂದಿನ ಚಾಲಕ ಎಡಕ್ಕೆ ತಿರುಗಿಸಿದರೆ ತಾವು ಬಲಕ್ಕೆ ತಿರುಗಿಸುತ್ತ, ಆ ಉದ್ದದ ಬಂಡಿಯನ್ನು ಬೀದಿಯ ತಿರುವಿನಲ್ಲಿ ಹಾವಿನಂತೆ ನುಸುಳಿಸಿಕೊಂಡು ಬಂದರು. ಒಂದು ಬಂಡಿಗೆ ಇಬ್ಬರು ಸಾರಥಿಗಳು! ಮೆರವಣಿಗೆ ಮುಗಿದ ಮೇಲೆ ಬಂಡಿಯನ್ನು ಮೈದಾನದಲ್ಲಿ ನಿಲ್ಲಿಸಿದರು. ಮಕ್ಕಳೆಲ್ಲ ಮುತ್ತಿದರು. ಏಳು ವರ್ಷದ ನನ್ನ ಮೊಮ್ಮಗನೂ ಹತ್ತಿದ. ಇಳಿದು ಬಂದವನು ಏಣಿಯನ್ನೇ ನೋಡುತ್ತ, ‘ತಾತ, ಇದು ಬೆಂಗಳೂರಲ್ಲಿರೋ ನಿಮ್ಮ ಮನೆಗೆ ಎಟಕುತ್ತಾ?’ ಎಂದು ಕೇಳಿದ.

ಬೆಂಗಳೂರಿನಲ್ಲಿ ನಾವಿರುವುದು ಹನ್ನೊಂದನೆಯ ಮಹಡಿಯಲ್ಲಿ. ಆ ವೃದ್ಧರನ್ನು ಕೇಳಿದೆ. ಅವರು ನಿವೃತ್ತ ಅಗ್ನಿಶಾಮಕರು. ಏಣಿ ಪೂರ್ತಿ ಚಾಚಿದರೆ 85 ಅಡಿ ಎಂದರು. ಮನಸ್ಸಿನಲ್ಲೇ ಗುಣಿಸಿ ನೋಡಿದೆ. ‘ಇಲ್ಲ ಮಗು, ಎಟಕುವುದಿಲ್ಲ’ ಎಂದೆ. ‘ಹಾಗಾದರೆ ನೀವೇನು ಮಾಡ್ತೀರಿ?’ ಎಂದ. ಮೇಷ್ಟರಾದವರಿಗೆ ಉತ್ತರ ತಿಳಿಯದಿದ್ದಾಗ ಹೇಳುವ ಮಾತೊಂದಿದೆ. ‘ಒಳ್ಳೆಯ ಪ್ರಶ್ನೆ’ ಎಂದೆ. ಆ ಒಳ್ಳೆಯ ಪ್ರಶ್ನೆಯೇ ನನ್ನನ್ನು ಅಲ್ಲಿನ ಗ್ರಂಥಾಲಯಕ್ಕೂ ವಸ್ತುಸಂಗ್ರಹಾಲಯಕ್ಕೂ ಓಡಾಡಿಸಿತು. ಅಲ್ಲಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಅಮೆರಿಕದಲ್ಲಿ ಇಂಥ ಬಂಡಿಗೂ ಅದರ ತಂಡಕ್ಕೂ ಹಿಂದಿನಿಂದ ಬಂದ ಹೆಸರು ‘ಹುಕ್ ಅಂಡ್ ಲ್ಯಾಡರ್’, ಎಂದರೆ ಕೊಕ್ಕೆ ಮತ್ತು ಏಣಿ. ಏಣಿ ಸರಿ, ಕೊಕ್ಕೆ ಏಕೆ? ಹಳ್ಳಿಯಲ್ಲಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಬೇಸಗೆಯ ಒಂದು ಮಧ್ಯಾಹ್ನ ಹುಲ್ಲುಮನೆಯೊಂದಕ್ಕೆ ಬೆಂಕಿ ಬಿದ್ದಿತು. ಉರಿಯುವ ಮನೆಯ ಆಸೆಯನ್ನು ಬಿಟ್ಟು, ಊರವರು ತೆಂಗಿನಕಾಯಿ ಕೀಳುವ ದೋಟಿಗಳನ್ನು ತಂದು ಪಕ್ಕದ ಮನೆಯ ಹುಲ್ಲನ್ನು ಎಳೆದು ಕೆಡವಿದರು. ಆ ಮನೆಯಾಕೆ ಎದೆ ಬಡಿದುಕೊಂಡು ಅತ್ತಳು. ಆದರೆ ಉಳಿದ ಬೀದಿ ಉಳಿಯಿತು. ಪಶ್ಚಿಮದ ಊರುಗಳಲ್ಲಿಯೂ ಆರಂಭದಲ್ಲಿ ಇದೇ ಉಪಾಯ. ಕೊಕ್ಕೆ ಕೆಡವುವುದಕ್ಕೆ, ಏಣಿ ಹತ್ತುವುದಕ್ಕೆ. ಊರಿನ ಸ್ವಯಂಸೇವಕರೇ ಬಂಡಿಯನ್ನು ಹಗ್ಗ ಹಿಡಿದು ಎಳೆದುಕೊಂಡು ಓಡುತ್ತಿದ್ದರು. ಮನೆಗಳು ಒಂದೆರಡು ಮಹಡಿಯವಾಗಿದ್ದಾಗ ಗೋಡೆಗೆ ಒರಗಿಸುವ ಏಣಿಯೇ ಸಾಕಾಗುತ್ತಿತ್ತು.

ಮನೆಗಳು ಎತ್ತರವಾದಂತೆ ಕಷ್ಟ ಆರಂಭವಾಯಿತು. ಲಂಡನ್ನಿನಲ್ಲಿ 1836ರಲ್ಲಿ ಬೆಂಕಿಯಿಂದ ಜೀವರಕ್ಷಣೆ ಮಾಡುವುದಕ್ಕೆಂದೇ ಒಂದು ಸಂಘ ಹುಟ್ಟಿತು. ಅವರು ದೊಡ್ಡ ಗಾಲಿಗಳ ಮೇಲೆ ಏಣಿಗಳನ್ನು ಕಟ್ಟಿ, ರಾತ್ರಿಯ ಹೊತ್ತು ಬೀದಿಬೀದಿಗಳ ಆಯಕಟ್ಟಿನ ಜಾಗಗಳಲ್ಲಿ ಒಬ್ಬೊಬ್ಬ ಕಾವಲುಗಾರನೊಡನೆ ನಿಲ್ಲಿಸುತ್ತಿದ್ದರು. ನೀರು ಹಾಯಿಸುವ ದಳದ ಮುಖ್ಯ ಚಿಂತೆ ಆಸ್ತಿ. ಈ ಏಣಿಯವರ ಚಿಂತೆ ಪ್ರಾಣ. 1860ರ ದಶಕದಲ್ಲಿ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ಸ್ಥಾಪನೆಯಾದಾಗ ಈ ಏಣಿಗಳೂ ಅದರಲ್ಲಿ ಸೇರಿಹೋದವು.

ಆದರೆ ಒರಗುವ ಏಣಿಗೆ ಒಂದು ಹುಟ್ಟುದೋಷವಿದೆ. ಅದಕ್ಕೆ ಗೋಡೆ ಬೇಕು. ಗೋಡೆಯೇ ಉರಿಯುತ್ತಿರುವಾಗ, ಕಿಟಕಿಗಳಿಂದ ಜ್ವಾಲೆ ನಾಲಗೆ ಚಾಚುತ್ತಿರುವಾಗ, ಏಣಿಯನ್ನು ಎಲ್ಲಿಗೆ ಒರಗಿಸುವುದು? ನಮ್ಮ ನುಡಿಗಟ್ಟಿನ ತಿರುಳೂ ಇದೇ ಅಲ್ಲವೇ? ಆಕಾಶಕ್ಕೆ ಏಣಿ ಹಾಕಲಾಗದ್ದು ಅದು ಎತ್ತರದಲ್ಲಿದೆ ಎಂಬುದಕ್ಕಾಗಿ ಮಾತ್ರವಲ್ಲ, ಒರಗಿಸಲು ಅಲ್ಲಿ ಏನೂ ಇಲ್ಲ ಎಂಬುದಕ್ಕಾಗಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವರು ಈ ಒಗಟನ್ನು ಬಿಡಿಸಲು ಕುಳಿತರು. ಯಾವುದಕ್ಕೂ ಒರಗದೆ ತನ್ನ ಬುಡದ ಬಲದಿಂದಲೇ ಗಾಳಿಯಲ್ಲಿ ನಿಲ್ಲುವ ಏಣಿ ಅವರ ಕನಸು.

ಜರ್ಮನಿಯಲ್ಲಿ ಡಾನ್ಯೂಬ್ ನದಿಯ ದಂಡೆಯ ಉಲ್ಮ್ ಪಟ್ಟಣದ ವ್ಯಾಪಾರಿ ಕಾನ್ರಾಡ್ ಡೀಟ್ರಿಷ್ ಮಾಗಿರಸ್ ಅವರಲ್ಲೊಬ್ಬ. ಅವನು ತನ್ನೂರಿನ ಅಗ್ನಿಶಾಮಕ ದಳದ ನಾಯಕನೂ ಆಗಿದ್ದ. 1872ರಲ್ಲಿ ಅವನ ಕಾರ್ಖಾನೆಯಿಂದ ಎರಡು ಗಾಲಿಗಳ ಮೇಲೆ ಸ್ವತಂತ್ರವಾಗಿ ನಿಲ್ಲುವ ಏಣಿ ಹೊರಬಂದಿತು; ‘ಉಲ್ಮ್ ಏಣಿ’ ಎಂದೇ ಅದು ಹೆಸರಾಯಿತು. 1892ರಲ್ಲಿ ಅದೇ ಸಂಸ್ಥೆ ತಿರುಗುಪೀಠದ ಮೇಲೆ ಕೂಡಿಸಿದ, ಕುದುರೆ ಎಳೆಯುವ, 25 ಮೀಟರ್ ಎತ್ತರದ ಏಣಿಯನ್ನು ತಯಾರಿಸಿತು. ತಿರುಗುಪೀಠವೆಂದರೆ ಕುಂಬಾರನ ತಿಗರಿಯಂಥದು. ಬಂಡಿ ನಿಂತಲ್ಲೇ ನಿಂತಿರುತ್ತದೆ. ಏಣಿ ಮಾತ್ರ ಬೇಕಾದ ದಿಕ್ಕಿಗೆ ತಿರುಗುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲಿಗನಾದವನು ಡೇನಿಯಲ್ ಹೇಯ್ಸ್. ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಗ್ನಿಶಾಮಕ ದಳದಲ್ಲಿ ಉಗಿಯಂತ್ರಗಳ ಮೇಲ್ವಿಚಾರಕನಾಗಿದ್ದ ಅವನು 1868ರಲ್ಲಿ ತನ್ನ ಏಣಿಬಂಡಿಗೆ ಹಕ್ಕುಪತ್ರ ಪಡೆದ. ಬಂಡಿಯ ಮೇಲೆ ಒಂದು ತಿರುಗುಪೀಠ. ಅದರ ಮೇಲೆ ಏಣಿ. ಏಣಿಯ ಬುಡದಲ್ಲಿ ಒಂದು ದಪ್ಪ ತಿರುಪು. ನಾಲ್ಕಾರು ಜಟ್ಟಿಗಳು ಉದ್ದನೆಯ ಹಿಡಿಯನ್ನು ಹಿಡಿದು, ಗಾಣ ತಿರುಗಿಸಿದಂತೆ ಆ ತಿರುಪನ್ನು ತಿರುಗಿಸಿದರೆ ಮಲಗಿದ್ದ ಏಣಿ ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ಅಮೆರಿಕದ ನಗರಗಳು ಒಂದೊಂದಾಗಿ ಇಂಥ ಬಂಡಿಗಳನ್ನು ಕೊಂಡವು.

ಎಲ್ಲ ಪ್ರಯತ್ನಗಳೂ ಕೈಗೂಡಲಿಲ್ಲ. ನ್ಯೂಯಾರ್ಕಿನಲ್ಲಿ 1875ರ ಸೆಪ್ಟೆಂಬರ್ 14ರಂದು ಇನ್ನೊಂದು ಬಗೆಯ ಏಣಿಯ ಪ್ರದರ್ಶನ ನಡೆಯಿತು. ಇಟಲಿಯ ವಿನ್ಯಾಸ, ತುಂಡಿಗೆ ತುಂಡು ಜೋಡಿಸುತ್ತ ಮೇಲಕ್ಕೆ ಬೆಳೆಸುವ ಏಣಿ. ಅಗ್ನಿಶಾಮಕರು ಸಾಲಾಗಿ ಹತ್ತಿದರು. ಜನ ನೋಡುತ್ತಿರುವಂತೆಯೇ ಏಣಿ ಮುರಿಯಿತು. ದಳದ ಒಬ್ಬ ಮುಖ್ಯಾಧಿಕಾರಿಯೂ ಇಬ್ಬರು ಸಿಬ್ಬಂದಿಯೂ ಕೆಳಗೆ ಬಿದ್ದು ತೀರಿಕೊಂಡರು. ಬೆಂಕಿಯೇ ಇಲ್ಲದ ಕಡೆ ಬೆಂಕಿಗೆ ಬಲಿಯಾದವರು ಅವರು. ಅನಂತರ ಹಲವು ವರ್ಷ ನ್ಯೂಯಾರ್ಕಿನವರು ಎತ್ತರದ ಏಣಿಯ ಮಾತೆತ್ತಲಿಲ್ಲ.

ಇನ್ನು ಆ ಬಂಡಿಗಳ ಪರಿವಾರವನ್ನು ಕುರಿತು ಎರಡು ಮಾತು. ಕುದುರೆಗಳ ಕಾಲದಲ್ಲಿ ಠಾಣೆಯ ಸೂರಿನಿಂದಲೇ ಜೀನು ಸರಂಜಾಮುಗಳು ತೂಗುತ್ತಿದ್ದುವು. ಗಂಟೆ ಬಾರಿಸಿದೊಡನೆ ಕುದುರೆಗಳು ತಾವಾಗಿಯೇ ಲಾಯದಿಂದ ಬಂದು ಸರಂಜಾಮಿನ ಕೆಳಗೆ ನಿಲ್ಲುತ್ತಿದ್ದುವು. ಹಗ್ಗ ಎಳೆದರೆ ಅದು ಮೈಮೇಲೆ ಇಳಿಯುತ್ತಿತ್ತು. 1910ರ ದಶಕದಲ್ಲಿ ಮೋಟಾರು ಬಂದಾಗ ಎಷ್ಟೋ ಊರುಗಳು ಹಳೆಯ ಏಣಿಬಂಡಿಯನ್ನು ಎಸೆಯಲಿಲ್ಲ. ಕುದುರೆಗಳನ್ನು ಬಿಚ್ಚಿ, ಆ ಜಾಗಕ್ಕೆ ಎರಡು ಗಾಲಿಯ ಮೋಟಾರು ಎಳೆಗಾಡಿಯೊಂದನ್ನು ಕಟ್ಟಿದರು. ಕ್ರಿಸ್ಟಿ ಎಂಬ ಯಂತ್ರಶಿಲ್ಪಿಯ ಕಾರ್ಖಾನೆ ಇಂಥವನ್ನು ನೂರುಗಟ್ಟಲೆ ಮಾಡಿ ಮಾರಿತು. ಬಡತನವನ್ನು ಬಲ್ಲ ನಮಗೆ ಈ ಜಾಣ್ಮೆ ಅಪರಿಚಿತವಲ್ಲ. ಹಳೆಯ ಕೊಡಲಿಗೆ ಹೊಸ ಕಾವು ಹಾಕಿಕೊಂಡು ದುಡಿದವರು ನಾವು.

ಮೆರವಣಿಗೆಯಲ್ಲಿ ನಾನು ಕಂಡ ಬಂಡಿ ಸೀಗ್ರೇವ್ ಎಂಬ ಕಂಪನಿಯದು. ಈ ಕಂಪನಿಯ ಮೂಲಪುರುಷ 1881ರಲ್ಲಿ ಮಿಷಿಗನ್ ಪ್ರಾಂತದಲ್ಲಿ ವೃತ್ತಿ ಆರಂಭಿಸಿದ್ದು ಹಣ್ಣಿನ ತೋಟದವರಿಗೆ ಏಣಿ ಮಾಡಿಕೊಡುವುದರಿಂದ. ಹಣ್ಣು ಕೀಳುವ ಏಣಿ ಪ್ರಾಣ ಕಾಯುವ ಏಣಿಯಾಗಿ ಬೆಳೆದ ಕಥೆ ಅದು. ಅವರ ಏಣಿಯ ಬುಡದಲ್ಲಿ ದೊಡ್ಡ ಸ್ಪ್ರಿಂಗುಗಳಿರುತ್ತಿದ್ದುವು. ಕೊಂಡಿ ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗು ಚಿಮ್ಮಿ ಏಣಿಯನ್ನು ಎತ್ತುತ್ತಿತ್ತು. ಏಣಿಯನ್ನು ಇಳಿಸುವಾಗ ಅದರ ಭಾರವೇ ಸ್ಪ್ರಿಂಗನ್ನು ಮತ್ತೆ ಅದುಮುತ್ತಿತ್ತು. ಅಂದರೆ ಇಳಿಯುವ ಪ್ರತಿಯೊಂದು ಸಲವೂ ಮುಂದಿನ ಏರಿಕೆಗೆ ಬಂಡವಾಳ. ಆ ಹಿರಿಯ ಅಗ್ನಿಶಾಮಕರು ಇದನ್ನು ವಿವರಿಸುವಾಗ ಅವರ ಮುಖದಲ್ಲಿ, ಒಳ್ಳೆಯ ಪದ್ಯವೊಂದರ ಅನ್ವಯ ಬಿಡಿಸುವಾಗ ನಮ್ಮ ಗುರುಗಳ ಮುಖದಲ್ಲಿ ಕಾಣುತ್ತಿದ್ದ ಬೆಳಕೇ ಇತ್ತು. ಬಾಲದ ಆಸನದಲ್ಲಿ ಕುಳಿತವನ ಜವಾಬ್ದಾರಿಯನ್ನೂ ಅವರೇ ಹೇಳಿದರು. ಬೆಂಕಿಯ ಸ್ಥಳ ತಲುಪಿದ ಕೂಡಲೇ ಅವನು ತನ್ನ ಆಸನವನ್ನೂ ಚುಕ್ಕಾಣಿಯನ್ನೂ ಪಕ್ಕಕ್ಕೆ ಸರಿಸಬೇಕು. ಇಲ್ಲದಿದ್ದರೆ ಏಣಿ ಮೇಲೇಳುವಂತಿಲ್ಲ.

1930ರ ದಶಕದಿಂದ ಮರದ ಸ್ಥಾನಕ್ಕೆ ಉಕ್ಕು ಬಂದಿತು. ತಿರುಪು ಸ್ಪ್ರಿಂಗುಗಳ ಸ್ಥಾನಕ್ಕೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರ ಬಂದಿತು. ಆರು ಜನರ ಕೆಲಸವನ್ನು ಒಬ್ಬನೇ ಒಂದು ಸನ್ನೆಗೋಲಿನಿಂದ ಮಾಡುವಂತಾಯಿತು. ಹಳೆಯ ಬಂಡಿಗಳು ಕೆಲವು ಗುಜರಿಗೆ ಹೋದವು, ಕೆಲವು ವಸ್ತುಸಂಗ್ರಹಾಲಯ ಸೇರಿದವು. ಕೆಲವನ್ನು ಮಾತ್ರ ಊರಿನವರು ಅಭಿಮಾನದಿಂದ ಉಳಿಸಿಕೊಂಡರು. ಹಬ್ಬದ ದಿನ ಅದು ಮಕ್ಕಳನ್ನು ಹೊತ್ತು ಮೆರೆಯುತ್ತದೆ. ದಳದವರೊಬ್ಬರು ತೀರಿಕೊಂಡರೆ ಇಂಥ ಹಳೆಯ ವಾಹನದ ಮೇಲೆಯೇ ಅವರ ಶವಪೆಟ್ಟಿಗೆಯನ್ನಿಟ್ಟು ಕೊನೆಯ ಯಾತ್ರೆ ಮಾಡಿಸುವ ರೂಢಿಯೂ ಉಂಟು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಂತೂ ಕೈಯಿಂದ ಹೊತ್ತು ಒರಗಿಸುವ ಏಣಿಗಳು ಇಂದಿಗೂ ಮರದವೇ. ದಳದ ಸ್ವಂತ ಬಡಗಿಗಳು ಅವನ್ನು ತಮ್ಮದೇ ಕಾರ್ಯಾಗಾರದಲ್ಲಿ ಮಾಡುತ್ತಾರೆ. ಬೀದಿಗಳ ಮೇಲೆಲ್ಲ ವಿದ್ಯುತ್ ತಂತಿಗಳು ಹಾಯ್ದಿರುವ ಆ ನಗರದಲ್ಲಿ ಲೋಹದ ಏಣಿಗಿಂತ ಒಣಗಿದ ಮರದ ಏಣಿಯೇ ಕ್ಷೇಮವೆಂಬುದು ಅವರ ಅನುಭವ. ಹಳತೆಲ್ಲ ತ್ಯಾಜ್ಯವಲ್ಲ ಎಂಬುದಕ್ಕೆ ಇಂಥ ನಿದರ್ಶನ ಸಿಕ್ಕಾಗ ನನ್ನಂಥ ಹಳಬರಿಗೆ ಸ್ವಲ್ಪ ಸಂತೋಷವೇ ಆಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ವಿಜಯದ ಕಥೆಯಾಗುತ್ತಿತ್ತು. ಆದರೆ ನನ್ನ ಮೊಮ್ಮಗನ ಪ್ರಶ್ನೆ ಹಾಗೆಯೇ ಉಳಿದಿದೆ. ಏಣಿ ಎಟಕದಿದ್ದರೆ? ಆ ಪ್ರಶ್ನೆಯನ್ನು 1911ರ ಮಾರ್ಚ್ 25ರ ಶನಿವಾರ ಸಂಜೆ ನ್ಯೂಯಾರ್ಕ್ ನಗರ ಎದುರಿಸಬೇಕಾಯಿತು.

ಅಲ್ಲಿ ಆಶ್ ಬಿಲ್ಡಿಂಗ್ ಎಂಬ ಹತ್ತು ಅಂತಸ್ತಿನ ಕಟ್ಟಡವಿತ್ತು. ಎತ್ತರ 135 ಅಡಿ. 150 ಅಡಿ ಮುಟ್ಟದ ಕಟ್ಟಡಕ್ಕೆ ಮರದ ನೆಲ, ಮರದ ಕಿಟಕಿ ಚೌಕಟ್ಟುಗಳಿದ್ದರೂ ಆಗಿನ ಕಾನೂನು ಅಡ್ಡಿಮಾಡುತ್ತಿರಲಿಲ್ಲ. ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆ. ದುಡಿಯುತ್ತಿದ್ದವರು ಬಹುತೇಕ ಇಟಲಿಯಿಂದಲೂ ಪೂರ್ವ ಯುರೋಪಿನಿಂದಲೂ ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಹದಿನಾಲ್ಕು ಹದಿನೈದು ವರ್ಷದವರೂ ಇದ್ದರು. ಕೆಲಸ ಬಿಡುವ ವೇಳೆಗೆ ಎಂಟನೆಯ ಅಂತಸ್ತಿನ ಬಟ್ಟೆಯ ಚೂರುಗಳಿಗೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳ ತಡಮಾಡಲಿಲ್ಲ. ಕೆಲವೇ ನಿಮಿಷಗಳಲ್ಲಿ ಏಣಿಬಂಡಿ ಕಟ್ಟಡದ ಬುಡದಲ್ಲಿತ್ತು. ಏಣಿ ಎದ್ದಿತು, ಚಾಚಿತು, ಇನ್ನೂ ಚಾಚಿತು. ಆರನೆಯ ಅಂತಸ್ತಿನ ಬಳಿ ನಿಂತಿತು. ಅದಕ್ಕಿಂತ ಮೇಲೆ ಹೋಗುವ ಏಣಿ ಅವರ ಬಳಿ ಇರಲಿಲ್ಲ. ಒಂಬತ್ತನೆಯ ಅಂತಸ್ತಿನ ಕಿಟಕಿಗಳಲ್ಲಿ ನಿಂತ ಹುಡುಗಿಯರು ಅದನ್ನು ಮೇಲಿನಿಂದ ನೋಡುತ್ತಿದ್ದರು. ಆ ದಿನ ಸತ್ತವರು 146 ಮಂದಿ.

ಶ್ರೋತೃಗಳೆ, ಆ ಘಟನೆಯ ವಿವರಗಳನ್ನು ಓದಿದಾಗ ನನ್ನ ಮನಸ್ಸು ಏಣಿಯನ್ನು ಬಿಟ್ಟು ಬಾಗಿಲಿನ ಬಳಿ ನಿಂತುಬಿಟ್ಟಿತು. ಒಂಬತ್ತನೆಯ ಅಂತಸ್ತಿನಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹುಡುಗಿಯರು ಬಟ್ಟೆ ಕದ್ದೊಯ್ಯಬಾರದು, ಎಲ್ಲರೂ ಒಂದೇ ಬಾಗಿಲಿನಿಂದ ಚೀಲ ತೋರಿಸಿ ಹೋಗಬೇಕು ಎಂಬುದಕ್ಕಾಗಿ ಆ ಬೀಗ. ಮಾಲೀಕರ ಮೇಲೆ ಮೊಕದ್ದಮೆ ನಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಖುಲಾಸೆಯಾದರು.

ಏಣಿಯ ಮಟ್ಟಿಗೆ ಆ ದಿನದ ಇನ್ನೊಂದು ಪ್ರಸಂಗವಿದೆ. ಪಕ್ಕದಲ್ಲಿಯೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಟ್ಟಡ, ಆಶ್ ಬಿಲ್ಡಿಂಗಿಗಿಂತ ಸ್ವಲ್ಪ ಎತ್ತರ. ಅಲ್ಲಿ ನ್ಯಾಯಶಾಸ್ತ್ರದ ತರಗತಿ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ ಫ್ರಾಂಕ್ ಸಾಮರ್ ವಿದ್ಯಾರ್ಥಿಗಳನ್ನು ಕರೆದುಕೊಂಡು ಚಾವಣಿಗೆ ಓಡಿದರು. ಬಣ್ಣ ಬಳಿಯುವವರು ಬಿಟ್ಟುಹೋಗಿದ್ದ ಏಣಿಗಳು ಅಲ್ಲಿ ಬಿದ್ದಿದ್ದುವು. ಅವನ್ನು ಉರಿಯುವ ಕಟ್ಟಡದ ಚಾವಣಿಗೆ ಇಳಿಬಿಟ್ಟು, ಹತ್ತನೆಯ ಅಂತಸ್ತಿನಿಂದ ಮೇಲಕ್ಕೆ ಓಡಿಬಂದಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡರು. ಬೀದಿಯಲ್ಲಿ ನಿಂತಿದ್ದ ನಗರದ ದೊಡ್ಡ ಏಣಿ ಸೋತ ಗಳಿಗೆಯಲ್ಲಿ ಸುಣ್ಣಬಣ್ಣದವರ ಗಿಡ್ಡ ಏಣಿ ಗೆದ್ದಿತು. ಅದು ಉದ್ದವಾಗಿದ್ದರಿಂದಲ್ಲ, ಇರಬೇಕಾದ ಜಾಗದಲ್ಲಿ ಮೊದಲೇ ಇದ್ದದ್ದರಿಂದ.

ಆಗ ನ್ಯೂಯಾರ್ಕ್ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದವನು ಎಡ್ವರ್ಡ್ ಕ್ರೋಕರ್. ಏಳನೆಯ ಅಂತಸ್ತಿಗಿಂತ ಮೇಲಿನ ಬೆಂಕಿಯೊಡನೆ ತಮ್ಮ ದಳ ಹೋರಾಡಲಾರದೆಂದು ಅವನು ಈ ದುರಂತಕ್ಕೆ ಮೊದಲೇ ಎಚ್ಚರಿಸಿದ್ದ. ದುರಂತವಾದ ಕೆಲವೇ ವಾರಗಳಲ್ಲಿ ಅವನು ಹುದ್ದೆ ಬಿಟ್ಟು, ಬೆಂಕಿ ಬೀಳದಂತೆ ತಡೆಯುವ ಕೆಲಸಕ್ಕೇ ತೊಡಗಿಕೊಂಡ. ಆ ಸಂಜೆ ಬೀದಿಯಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡ ಫ್ರಾನ್ಸಸ್ ಪರ್ಕಿನ್ಸ್ ಎಂಬ ಯುವತಿ ಮುಂದೆ ತನಿಖಾ ಆಯೋಗದ ಕೆಲಸದಲ್ಲಿ ದುಡಿದಳು. 1933ರಲ್ಲಿ ಆ ದೇಶದ ಕಾರ್ಮಿಕ ಸಚಿವೆಯಾದಳು. ಆಯೋಗದ ಪರಿಶ್ರಮದಿಂದ ನ್ಯೂಯಾರ್ಕ್ ರಾಜ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು, ಎತ್ತರದ ಕಾರ್ಖಾನೆಗಳಲ್ಲಿ ಸೂರಿನಿಂದ ತಾನಾಗಿಯೇ ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕು, ಬೆಂಕಿ ಬಿದ್ದಾಗ ಹೊರಬರುವುದನ್ನು ಮೊದಲೇ ಅಭ್ಯಾಸ ಮಾಡಿಸಬೇಕು, ಹೀಗೆ. ಆ ಕಟ್ಟಡ ಇಂದಿಗೂ ಬೇರೆ ಹೆಸರಿನಲ್ಲಿ ನಿಂತಿದೆ. 2023ರ ಅಕ್ಟೋಬರಿನಲ್ಲಿ ಅದರ ಗೋಡೆಗೇ ಹೊಂದಿಕೊಂಡಂತೆ ಸತ್ತವರ ಸ್ಮಾರಕ ಎದ್ದಿತು.

ಏಣಿಬಂಡಿಯ ಚರಿತ್ರೆಯಿಂದ ನಾನು ಕಲಿತದ್ದು ಇದು. ಏಣಿ ಬೆಳೆದಂತೆ ಕಟ್ಟಡವೂ ಬೆಳೆಯಿತು. ಕಟ್ಟಡ ಯಾವಾಗಲೂ ಒಂದು ಹೆಜ್ಜೆ ಮುಂದೆ. ಈ ಓಟದಲ್ಲಿ ಏಣಿ ಗೆಲ್ಲುವುದಿಲ್ಲ ಎಂಬುದನ್ನು ಮೊದಲು ಅರಿತವರು ಏಣಿ ಹತ್ತುವವರೇ. ಅವರು ನಮಗೆ ಹೇಳುತ್ತ ಬಂದಿರುವುದಿಷ್ಟೆ: ನಾವು ಬಂದೇ ಬರುತ್ತೇವೆ, ಆದರೆ ನಾವು ಬರುವವರೆಗೆ ನಿಮ್ಮನ್ನು ಕಾಯಬೇಕಾದದ್ದು ನಿಮ್ಮ ಮನೆಯ ಮೆಟ್ಟಿಲು.

ನಮ್ಮ ನಾಡಿಗೂ ಈ ಪಾಠ ಪುಕ್ಕಟೆಯಾಗಿ ಬರಲಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆಗೆ ಉಸಿರುಕಟ್ಟಿ ಕಿಟಕಿಗಳಿಂದ ಜಿಗಿದವರನ್ನು ಅಂದು ದೂರದರ್ಶನದ ಪರದೆಯ ಮೇಲೆ ಕಂಡವರು ಮರೆತಿರಲಾರರು. ಅಲ್ಲಿಂದೀಚೆಗೆ ನಮ್ಮ ಅಗ್ನಿಶಾಮಕ ಇಲಾಖೆ ಬಹಳಷ್ಟು ಸಜ್ಜಾಗಿದೆ. 2023ರಲ್ಲಿ 90 ಮೀಟರ್ ಎತ್ತರಕ್ಕೆ ಏರುವ ಏಣಿವಾಹನವೂ ಅದಕ್ಕೆ ಬಂದಿತು. ಹೇಯ್ಸನ ಏಣಿಯ ಮೂರೂವರೆ ಪಾಲು ಎತ್ತರ! ನನ್ನ ಮೊಮ್ಮಗನಿಗೆ ದೂರವಾಣಿಯಲ್ಲಿ ಹೇಳಿದೆ: ‘ಈಗ ಎಟಕುತ್ತದೆ ಮಗು.’ ಅವನು ಸುಮ್ಮನಿರಲಿಲ್ಲ. ‘ಅದು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ?’ ಎಂದ.

ಅಂದು ಮಧ್ಯಾಹ್ನ ನಾನೊಂದು ಕೆಲಸ ಮಾಡಿದೆ. ನಮ್ಮ ಕಟ್ಟಡಕ್ಕೆ ಬಂದು ಆರು ವರ್ಷವಾಗಿದ್ದರೂ ಎಂದೂ ಮಾಡದಿದ್ದ ಕೆಲಸ. ಲಿಫ್ಟನ್ನು ಬಿಟ್ಟು ಹನ್ನೊಂದನೆಯ ಮಹಡಿಯಿಂದ ಮೆಟ್ಟಿಲಿಳಿದು ಹೊರಟೆ. ಒಂಬತ್ತರಲ್ಲಿ ಎರಡು ಸೈಕಲ್ಲು, ಒಂದು ಮುರುಕು ಬೀರು. ಏಳರಲ್ಲಿ ಸಾಲಾಗಿ ಹೂಕುಂಡ. ಮಧ್ಯೆ ತುಳಸಿ, ಆದ್ದರಿಂದ ಯಾರೂ ಸರಿಸುವಂತಿಲ್ಲ. ನಾಲ್ಕರಲ್ಲಿ ಹಳೆಯ ಹಾಸಿಗೆಯ ಸುರುಳಿ. ಮೊಣಕಾಲು ಹಿಡಿದುಕೊಂಡು ಕೊನೆಗೆ ನೆಲಮಟ್ಟಕ್ಕೆ ಬಂದರೆ, ಹೊರಗೆ ಹೋಗುವ ಕಬ್ಬಿಣದ ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರವೆಂದು ಕಾವಲುಗಾರನನ್ನು ಕೂಗಿ ಕೇಳಿದರೆ, ಅವನಿಗೆ ಗೊತ್ತಿಲ್ಲ.

ನಿವಾಸಿಗಳ ಸಂಘದ ಸಭೆಯಲ್ಲಿ ವಿಷಯ ಎತ್ತಿದೆ. ಕಾರ್ಯದರ್ಶಿಯವರು ಸಜ್ಜನರು, ನನಗೆ ಗೌರವ ತೋರಿಸುವವರು. ‘ಸಾರ್, ಆ ಕಡೆಯಿಂದ ಕಳ್ಳರು ಬರ್ತಾರೆ ಅಂತ ಬೀಗ ಹಾಕ್ಸಿದೀವಿ’ ಎಂದರು. ನಾನು ಒಂದು ಕ್ಷಣ ಮಾತನಾಡಲಾಗದೆ ನಿಂತೆ. ಸಾವಿರಾರು ಮೈಲಿ ದೂರದ ಒಂಬತ್ತನೆಯ ಅಂತಸ್ತಿನ ಬೀಗಕ್ಕೂ ಇದೇ ಕಾರಣವಿತ್ತು. ಸಿಟ್ಟಾಗುವ ಬದಲು ತಮಗೆ ಈಗ ಹೇಳಿದ ಕಥೆಯನ್ನೇ ಅವರಿಗೂ ಹೇಳಿದೆ. ಸಭೆ ನಿಶ್ಶಬ್ದವಾಯಿತು. ಅನಂತರ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಹಳ ವಿನಯದಿಂದ ಕೇಳಿದಳು: ‘ಸರ್, ಹನ್ನೊಂದನೇ ಮಹಡಿ ಮೆಟ್ಟಿಲ ಮೇಲೆ ಆರು ದೊಡ್ಡ ರಟ್ಟಿನ ಪೆಟ್ಟಿಗೆ ಇವೆಯಲ್ಲ, ಅವು ಯಾರದು?’

ಅವು ನನ್ನವು. ಮನೆಯಲ್ಲಿ ಜಾಗವಿಲ್ಲವೆಂದು ನನ್ನಾಕೆ ಹೊರಗೆ ಹಾಕಿಸಿದ್ದ ನನ್ನ ಹಳೆಯ ಪತ್ರಿಕೆಗಳು, ಸಾಹಿತ್ಯ ಸಂಚಿಕೆಗಳು, ನಲವತ್ತು ವರ್ಷಗಳ ಒಣಕಾಗದ. ಮೆಟ್ಟಿಲು ಆರಂಭವಾಗುವಲ್ಲಿಯೇ ಅವುಗಳನ್ನು ಬಳಸಿಕೊಂಡು ನಾನು ಇಳಿದಿದ್ದೆ. ಎಲ್ಲರ ಸೈಕಲ್ಲು, ಎಲ್ಲರ ಹೂಕುಂಡ ಕಣ್ಣಿಗೆ ಬಿದ್ದುವು. ನನ್ನ ಪೆಟ್ಟಿಗೆಗಳು ಮಾತ್ರ ಬೀಳಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಕುರಿತ ಗಾದೆಯನ್ನು ಎಷ್ಟೋ ಪ್ರಬಂಧಗಳಲ್ಲಿ ಬರೆಸಿದ ಮೇಷ್ಟರು ಬಾವಿಯ ಬಾಯಿಗೇ ಕಾಗದ ತುಂಬಿಟ್ಟಿದ್ದರು.

ಮರುದಿನವೇ ಪೆಟ್ಟಿಗೆಗಳನ್ನು ಸಮೀಪದ ಕಾಲೇಜಿನ ಗ್ರಂಥಾಲಯಕ್ಕೆ ಕಳುಹಿಸಿದೆ. ಅದು ನೆಲಮಟ್ಟದಲ್ಲಿದೆ ಎಂಬುದನ್ನು ಖಚಿತ ಮಾಡಿಕೊಂಡೇ ಕಳುಹಿಸಿದೆ. ಅನಂತರ ನನ್ನ ಮಾತಿಗೆ ಸ್ವಲ್ಪ ಬೆಲೆ ಬಂದಿತು. ಮೂರು ತಿಂಗಳ ಮೇಲೆ ಬೀಗ ಹೋಗಿ, ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ತೆರೆಯಲಾಗದ ಬಾಗಿಲು ಬಂದಿತು. ಕಳ್ಳರ ಭಯಕ್ಕೂ ಬೆಂಕಿಯ ಭಯಕ್ಕೂ ಅದೊಂದೇ ಮದ್ದು. ಸೈಕಲ್ಲುಗಳು ಕೆಳಗಿಳಿದವು. ತುಳಸಿ ಮನೆಯೊಳಗಿನ ಬಾಲ್ಕನಿಗೆ ಹೋದಳು. ಹಾಸಿಗೆಯ ಸುರುಳಿ ಮಾತ್ರ ಈಗಲೂ ನಾಲ್ಕನೆಯ ಮಹಡಿಯಲ್ಲಿದೆ. ಅದರ ಒಡೆಯರೊಡನೆ ನನ್ನ ಮಾತುಕತೆ ಮುಂದುವರಿದಿದೆ.

ಮುಗಿಸುವ ಮುನ್ನ ತಮ್ಮಲ್ಲಿ ಒಂದು ವಿಜ್ಞಾಪನೆ. ಈ ಸಪ್ತಾಹದಲ್ಲಿ ಅಗ್ನಿಶಾಮಕ ಠಾಣೆಗಳ ಬಳಿ ವಾಹನಗಳ ಪ್ರದರ್ಶನವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆ ಏಣಿಯ ತುದಿಯವರೆಗೆ ಹತ್ತುವವರು ನಮ್ಮ ನಿಮ್ಮ ಮನೆಯ ಮಕ್ಕಳೇ ಎಂಬುದು ಅವರಿಗೆ ತಿಳಿಯಲಿ. ಅಲ್ಲಿಂದ ಮನೆಗೆ ಹಿಂತಿರುಗಿದಾಗ, ಮಹಡಿಯ ಮನೆಯಲ್ಲಿ ಇರುವವರು ಒಂದೇ ಒಂದು ಸಲ ಲಿಫ್ಟನ್ನು ಬಿಟ್ಟು ಮೆಟ್ಟಿಲ ಮೇಲಿಂದ ಕೆಳಗಿಳಿದು ನೋಡಿ. ಇಳಿಯುವಾಗ ಮೊದಲು ತಮ್ಮ ಬಾಗಿಲ ಮುಂದೆಯೇ ಏನಿದೆ ಎಂಬುದನ್ನು ಗಮನಿಸಿ.